ಉಂಗುರದ ಕೆಂಪು

ಗೇಟಿನ ಹತ್ತಿರ ಕಾರು ನಿಂತ ಸದ್ದು, ಅವರೇ ಬಂದರೇನೋ, ಇಲ್ಲ, ಹಾಲಿನ ಗಾಡಿ, ಚಿತ್ರ ಪರೀಕ್ಷಿಸಲು ಮುಂಬೈಯಿಂದ ಬರುವ ತಜ್ಞರು ಹನ್ನೊಂದಕ್ಕೆ ಅಂದಿದ್ದರು, ಇನ್ನು ಅರ್ಧ ಗಂಟೆ, ಮನೋಹರಾ, ಅರ್ಧ ಗಂಟೆಯಲ್ಲಿ ನಿನ್ನ ಮೂವತ್ತು ವರ್ಷದ ಹೆಸರು ಮಣ್ಣುಪಾಲು — ಗೋಡೆಯ ಮೇಲಿನ ಸಾಹೇಬ ನನ್ನನ್ನೇ ನೋಡುತ್ತಿದ್ದಾನೆ, ಕುತ್ತಿಗೆಗೆ ನೆರಿಗೆಯ ಬಿಳಿ ಪಟ್ಟಿ, ತಲೆಗೆ ಗರಿಯ ಟೋಪಿ, ಇಂಗ್ಲೆಂಡಿನ ಟ್ಯೂಡರ್ ರಾಜರ ಕಾಲದ ಸರದಾರನಂತೆ, ಮರದ ಹಲಗೆಯ ಮೇಲೆ ಬರೆದ ನಾಲ್ಕೂವರೆ ನೂರು ವರ್ಷದ ಚಿತ್ರ, ಯಾವನೋ ಬಿಳಿಯ ಈ ತಳೇಗಾಂವದ ಬಂಗಲೆ ಕಟ್ಟಿಸಿದಾಗ ತಂದು ತೂಗುಹಾಕಿದ್ದು, ಈಗಿನ ಮಾಲೀಕ ಗೂಳಪ್ಪ ಬಂಗಲೆ ಕೊಂಡಾಗ ಜೊತೆಗೇ ಸಿಕ್ಕಿದ್ದು, ಮನಿ ಜೋಡಿ ಬಂದ ಹಿರ್ಯಾ ಅವ, ಹಂಗ ಬಿಡೂದು ಹೆಂಗ್ರಿ ಅಂತ ಗೂಳಪ್ಪನ ತಾಯಿ ಸಾವಂತ್ರವ್ವ ಪ್ರತಿ ಶುಕ್ರವಾರ ಸ್ಟೂಲು ಹತ್ತಿ ಅವನ ಹಣೆಗೆ ಕುಂಕುಮ ಹಚ್ಚಿದರು, ಇಪ್ಪತ್ತು ವರ್ಷ, ಒದ್ದೆ ಬೆರಳಿನ ಕುಂಕುಮ ಮೂಗು, ಗಡ್ಡ, ಎದೆಯ ಮೇಲಿಟ್ಟ ಉಂಗುರದ ಕೈ, ಎಲ್ಲದರ ಮೇಲೂ ಇಳಿದು, ಅದನ್ನು ತೆಗೆಯಲೆಂದೇ ನನ್ನನ್ನು ಪುಣೆಯ ಸದಾಶಿವ ಪೇಠದ ಚಿತ್ರ ದುರಸ್ತಿ ಅಂಗಡಿಯಿಂದ ಕರೆಸಿದ್ದು.

ಕಡ್ಡಿಗೆ ಹತ್ತಿ ಸುತ್ತಿ, ನಾಲಗೆಗೆ ತಾಗಿಸಿ ಒರೆಸಬೇಕು, ಎಂಜಲಿನಷ್ಟು ಮೃದುವಾದ ಔಷಧಿ ಇಲ್ಲ, ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ, ಆದರೆ ಮನೆಯ ಹಿರಿಯನ ಹಣೆಗೆ ಎಂಜಲು ಅಂತ ಮುದುಕಿಗೆ ತಿಳಿದರೆ, ಶಿವಶಿವ, ಅದಕ್ಕೇ ಅವರು ಪೂಜೆಗೆ ಕೂತ ಹೊತ್ತು ನೋಡಿ ಅವಸರ ಅವಸರವಾಗಿ, ಹಣೆಯದು ಬಿಟ್ಟಿತು, ಮೂಗಿನದು ಬಿಟ್ಟಿತು, ಉಂಗುರದ ಮೇಲಿನ ಕೆಂಪು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ, ಆಗಲೇ ಕೈ ನಿಲ್ಲಬೇಕಿತ್ತು, ದಡ್ಡಾ, ನಿಲ್ಲಲಿಲ್ಲ, ಒಳಗೆ ಪೂಜೆಯ ಗಂಟೆ ನಿಂತಿತು, ಇನ್ನೇನು ಬಂದೇಬಿಡುತ್ತಾರೆ ಅಂತ ಸ್ಪಿರಿಟ್ಟಿನಲ್ಲಿ ಅದ್ದಿ ಒಂದೇ ಒಂದು ಸಲ ತಿರುವಿದೆ — ಅಯ್ಯೋ, ಅದು ಕುಂಕುಮವಲ್ಲ, ಮಾಣಿಕ್ಯ, ಚಿತ್ರಕಾರ ಬಳಿದ ಮಾಣಿಕ್ಯ, ಹತ್ತಿಯ ತುಂಬ ದ್ರಾಕ್ಷಿ ರಸದಂಥ ಕೆಂಪು, ಉಂಗುರದಲ್ಲಿ ಬೂದು ತೂತು. ಆ ಹತ್ತಿ ಇನ್ನೂ ಜೇಬಿನಲ್ಲಿದೆ, ಯಾಕೆ ಎಸೆಯಲಿಲ್ಲವೋ ಗೊತ್ತಿಲ್ಲ.

ನಿನ್ನೆ ಗೂಳಪ್ಪ ಏನ್ರೀ ಇದು, ಇಲ್ಲೊಂದು ಹರಳ ಇತ್ತಲ್ಲಾ ಅಂದಾಗ ನನ್ನ ಬಾಯಿಂದ ಬಂದದ್ದು, ಕುಂಕುಮಾನೇ ಬಣ್ಣ ತಿಂದಿರಬೇಕ್ರಿ, ಥೂ, ಎಷ್ಟು ಸಲೀಸಾಗಿ ಬಂತು, ನೋಡವ್ವಾ ನಿನ್ನ ಭಕ್ತಿ ಅಂತ ಅವನು ತಾಯಿಯ ಮೇಲೆ ಹರಿಹಾಯ್ದ, ಅವರು ಸ್ಟೂಲು ಎತ್ತಿಕೊಂಡು ಒಳಗೆ ಹೋದರು, ರಾತ್ರಿ ಊಟಕ್ಕೂ ಏಳಲಿಲ್ಲವಂತೆ — ತಜ್ಞರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು, ಗೊತ್ತಾಗದೆ ಹೋದರೆ ಈ ಮುದುಕಿಯ ಕಥೆ, ಬಣ್ಣ ಹಚ್ಚಿ ಮುಚ್ಚಿಬಿಡಲೇ, ಒಣಗಲು ಎರಡು ದಿನ ಬೇಕು, ಹತ್ತೂ ಮುಕ್ಕಾಲು, ಬಳೆಯ ಸದ್ದು, ಸಾವಂತ್ರವ್ವ ಚಹಾ ಹಿಡಿದು ನಿಂತಿದ್ದಾರೆ, ಅಣ್ಣಾರ, ಖರೇ ಹೇಳ್ರಿ, ನನ್ನ ಕೈಲೇ ಹಾಳಾತೇನ್ರಿ, ಭಾಳ ತೊಳದೇನ್ರಿ, ಹೋಗವಲ್ದು ಅಂತ ಬೆರಳು ತೋರಿಸುತ್ತಾರೆ, ಸೋಪು ಹಚ್ಚಿ ತಿಕ್ಕಿ ತಿಕ್ಕಿ ಸಿಪ್ಪೆ ಎದ್ದಿದೆ, ತುದಿಯಲ್ಲಿ ಇನ್ನೂ ಕುಂಕುಮ, ಕಿತ್ತಳೆ ಬೆರೆತ ಕೆಂಪು, ಹೇಳು, ಮನೋಹರಾ, ಹೊರಗೆ ಮತ್ತೆ ಕಾರು, ಈ ಸಲ ಗೂಳಪ್ಪ ಬರ್ರಿ ಬರ್ರಿ ಅನ್ನುತ್ತಿದ್ದಾನೆ, ಚಹಾ ತೆಗೆದುಕೊಳ್ಳಲು ಜೇಬಿನಿಂದ ಕೈ ತೆಗೆದೆ, ಬೆರಳಿಗೆ ಅಂಟಿಕೊಂಡೇ ಬಂತು, ಕೊಡವಿದರೂ ಬೀಳುತ್ತಿಲ್ಲ, ಅವರು ನನ್ನ ಬೆರಳು ನೋಡುತ್ತಾರೆ, ತಮ್ಮದನ್ನು ನೋಡುತ್ತಾರೆ, ಎರಡೂ ಬೇರೆ ಕೆಂಪು, ಮತ್ತೆ ನನ್ನದು, ಹತ್ತಿ, ಆ ಕೆಂಪು ಹತ್ತಿ