ಸಾಲಿಗೆ ಬರೆದ ಮನಿ

"ಬಾಯಿಯವರನ್ನ ಸ್ವಲ್ಪ ಎಬ್ಬಿಸಿ ಕೂಡಸ್ರಿ," ಎಂದು ದೇವೀಂದ್ರಪ್ಪ ಶಾಲಿನ ಮಡಿಕೆ ಬಿಚ್ಚಿದರು. ಕಮಲಾಪುರದ ಶಾಲೆಯ ಹೆಡ್‌ಮಾಸ್ತರರು ಅವರು. ಶಾಲು, ತೆಂಗಿನಕಾಯಿ, ತಮ್ಮೂರಿನ ಕೆಂಪು ಬಾಳೆಹಣ್ಣು ಹಿಡಿದು ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದಿದ್ದರು. ಶಾಲೆಗೆ ಮನೆ ಬರೆದವರಿಗೆ ಬದುಕಿದ್ದಾಗಲೇ ಸತ್ಕಾರ ಆಗಬೇಕೆಂದು ಕಮಿಟಿಯವರ ಹಟ. ಅದಕ್ಕೆ ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆಯ ಶಾಲೇ ಆಗಬೇಕಿತ್ತೆ? ಕಮಿಟಿ ಅಂದಮೇಲೆ ಕೇಳುವವರು ಯಾರು!

ಮನೆಗೆಲಸದ ಮಸ್ತಾನಬಿ ಭಾಗೀರಥಿಬಾಯಿಯನ್ನು ಎತ್ತಿ ಕೂರಿಸಿ ಬೆನ್ನಿಗೆ ದಿಂಬು ಒತ್ತಿದಳು. ಸಂಕ್ರಾಂತಿಗೆ ಸ್ವಲ್ಪ ಮೊದಲು ಲಕ್ವ ಹೊಡೆದು ಮುದುಕಿಯ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಬುದ್ಧಿ ಮಾತ್ರ ನೆಟ್ಟಗಿತ್ತು. ಅದೂ ಹೋಗಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ ಎಂದು ಮಸ್ತಾನಬಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

"ಎಷ್ಟೋ ಮಂದಿ ಹಳೇ ಹುಡುಗ್ರು ಸಾಲಿಗೆ ಕೊಡ್ತಾರ್ರಿ," ದೇವೀಂದ್ರಪ್ಪ ಶಾಲು ಹೊದಿಸುತ್ತ ಹೇಳಿದರು. "ಅಪ್ಪನ ಹೆಸರು ಕಲ್ಲಿನ ಮ್ಯಾಲೆ ಕೆತ್ತಸ್ರಿ ಅಂತಾರ, ಫೋಟೋ ಹಚ್ಚರಿ ಅಂತಾರ. ಈ ತಾಯಿ ಏನಂದ್ರ ಏನೂ ಕೇಳ್ಲಿಲ್ಲ."

ಬಾಗಿಲಿಗೆ ಒರಗಿದ್ದ ಗೋಪಾಲ ಮೂಗು ಮುರಿದ. ಭಾಗೀರಥಿಬಾಯಿಯ ಅಣ್ಣನ ಮಗ. "ಅಂಥಾದ್ದೇನ ಕೊಟ್ಟಿತ್ರಿ ಆ ಸಾಲಿ? ನಾವು ಸ್ವಂತ ರಕ್ತ. ನಮಗ ಚೊಂಬು."

ಶಾಲೆ ಏನು ಕೊಟ್ಟಿತ್ತು ಎಂಬುದು ಮಸ್ತಾನಬಿಗೆ ಗೊತ್ತಿತ್ತು. ಭಾಗೀರಥಿ ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವಿಧವೆಯಾದವಳು. ನಿಜಾಮನ ಕಾಲ. ಮುಂಜಾನೆ ಎದ್ದು ಅವಳ ಮುಖ ನೋಡಬಾರದು, ಹೆಸರೂ ಎತ್ತಬಾರದು. ಮನೆಯಲ್ಲಿ ಅವಳನ್ನು "ಅದು" ಅನ್ನುತ್ತಿದ್ದರು. ಅದು ಉಂಡಿತಾ, ಅದನ್ನು ಒಳಗೆ ಕಳಿಸು. ಅಜ್ಜ ಮಾತ್ರ ಯಾರ ಮಾತಿಗೂ ಬಗ್ಗದೆ ಅವಳನ್ನು ಶಾಲೆಗೆ ಹಾಕಿದ. ಅಲ್ಲಿ ಫಕ್ರುದ್ದೀನ್ ಮಾಸ್ತರರು ಹಾಜರಿ ಕರೆಯುವಾಗ ಎಲ್ಲರಿಗಿಂತ ಮೊದಲು ಗಟ್ಟಿಯಾಗಿ "ಭಾಗೀರಥೀ" ಎನ್ನುತ್ತಿದ್ದರು. ದಿನಾಲೂ. ಆಗಿನ ವಾರದ ರಜೆ, ಶುಕ್ರವಾರದ ಸೂಟಿ ಬಂದರೆ ಹುಡುಗಿ ಅಳುತ್ತಿದ್ದಳಂತೆ. "ಆ ಸಾಲಿ ಇಲ್ದಿದ್ರ ನನ್ನ ಹೆಸರು ನನಗ ಮರತಿರ್ತಿತ್ತು ಮಸ್ತಾನಬಿ," ಎನ್ನುವಾಗ ಮುದುಕಿಯ ಕಣ್ಣು ಒದ್ದೆಯಾಗುತ್ತಿತ್ತು. ಮುಂದೆ ಅವಳೂ ಟೀಚರಾಗಿ, ಸ್ವಂತ ಸಂಬಳದಲ್ಲಿ ಕೋಟೆಯ ಹತ್ತಿರ ಈ ಮನೆ ಕಟ್ಟಿಸಿದಳು.

ಗಂಡ ಬಿಟ್ಟ ಮಸ್ತಾನಬಿ ಮುಸುರೆ ತಿಕ್ಕಲು ಬಂದು, ಹಿತ್ತಲ ಖೋಲಿಯಲ್ಲಿ ನಿಂತು, ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡಿದ್ದಳು. ಆ ಖೋಲಿ ಬಿಟ್ಟರೆ ಅವಳಿಗೆ ಬೇರೆ ಆಸರೆಯಿಲ್ಲ. ಮರಣಪತ್ರ ಬರೆಸುವಾಗ ಭಾಗೀರಥಿಬಾಯಿ ಅವಳನ್ನು ಕೂರಿಸಿಕೊಂಡು ಹೇಳಿದ್ದಳು: "ನಿನ್ನ ಹೆಸರು ಕಾಗದದಾಗ ಬಂದ್ರ ಗೋಪಾಲ ಕೋರ್ಟಿಗೆ ಹೋಗ್ತಾನ. ಸಾಬರಾಕಿ ಮುದುಕಿ ತಲಿ ಕೆಡಿಸ್ಯಾಳ ಅಂತಾನ. ಸಾಲಿಗೂ ಇಲ್ಲ, ನಿನಗೂ ಇಲ್ಲ. ನೀ ಇರೂತನಕ ಖೋಲಿ ನಿಂದು. ಸಂಕ್ರಾಂತಿ ಆದಮ್ಯಾಲೆ ಹೆಡ್‌ಮಾಸ್ತರು ಬರ್ತಾರ, ನಾ ಬಾಯಿಲೇ ಹೇಳ್ತೀನಿ. ಮಾಸ್ತರ ಮಂದಿಗೆ ಮಾತಂದ್ರ ಮಾತು."

ಹೆಡ್‌ಮಾಸ್ತರು ಬಂದಿದ್ದರು. ಹೇಳಬೇಕಾದ ಬಾಯಿ ಸೊಟ್ಟಗಾಗಿತ್ತು.

"ಮುಂದ ನಿಮ್ಮ ಕಾಲದ ನಂತರ ಮನಿ ಮಾರಿ ಹೆಣ್ಣುಮಕ್ಕಳಿಗೆ ಖೋಲಿ ಕಟ್ಟಸ್ತೀವ್ರಿ," ದೇವೀಂದ್ರಪ್ಪ ಮುದುಕಿಯ ಕಿವಿಯ ಹತ್ತಿರ ಬಗ್ಗಿ ಪ್ರೀತಿಯಿಂದ ಹೇಳಿದರು. "ಈಗ ಪಡಸಾಲ್ಯಾಗ ಕೂಡ್ತಾವ ಪಾಪ, ಮಳಿ ಬಂದ್ರ ಮನಿಗಿ ಕಳಸ್ತೀವಿ. ತಗೊಳೋರು ಮಾತ್ರ ಪೂರಾ ಖಾಲಿ ಮಾಡಿಕೊಡ್ರಿ ಅನ್ನಾಕತ್ತಾರ."

"ಬ... ಬ... ಬ..." ಭಾಗೀರಥಿಬಾಯಿಯ ಗಂಟಲಿನಿಂದ ಬಂದದ್ದು ಅಷ್ಟೇ. ಹಣೆಯ ನರ ಉಬ್ಬಿತು. ಎಡಗೈಯಿಂದ ಶಾಲನ್ನು ಕಿತ್ತು, ಪಕ್ಕದಲ್ಲಿ ಕೂತಿದ್ದ ಮಸ್ತಾನಬಿಯ ಹೆಗಲ ಮೇಲೆ ಎಳೆದು ಹಾಕಿದಳು. ಆಮೇಲೆ ಹಿತ್ತಲ ಬಾಗಿಲ ಕಡೆ ಕೈ ತೋರಿದಳು.

"ಶೆಕಿ ಆಗ್ಲಿಕತ್ತದ ಅತ್ಯಾಗ," ಎಂದು ಗೋಪಾಲ ಬಂದು ಶಾಲು ತೆಗೆದು ಮತ್ತೆ ಅವಳಿಗೇ ಹೊದಿಸಿದ. ಅವಳು ಮತ್ತೆ ಕಿತ್ತಳು, ಮತ್ತೆ ಮಸ್ತಾನಬಿಯ ಮೇಲೆ ಹಾಕಿದಳು. ಏದುಸಿರು ಬಿಡುತ್ತಿದ್ದಳು, ಕಣ್ಣಲ್ಲಿ ನೀರು.

ದೇವೀಂದ್ರಪ್ಪ ಒಳ್ಳೆಯ ಮನುಷ್ಯ. ಏನೋ ಇದೆ ಎಂದು ಅವರಿಗೆ ಅನ್ನಿಸಿತು. "ಏನಂತಾರವ್ವಾ? ದಿನಾ ಕೂಡ ಇರಾಕಿ ನೀ, ನಿನಗ ತಿಳೀತದ. ಹೇಳು," ಎಂದು ಮಸ್ತಾನಬಿಯನ್ನೇ ಕೇಳಿದರು.

ಗೋಪಾಲ ಅವಳನ್ನೇ ನೋಡುತ್ತಿದ್ದ. ಹಿತ್ತಲ ಖೋಲಿ ನನಗೆ ಬಿಡಿ ಎನ್ನುತ್ತಿದ್ದಾರೆ ಎಂದು ತನ್ನ ಬಾಯಿಂದಲೇ ಹೇಗೆ ಹೇಳುವುದು? ಕಳ್ಳಿ ಎನ್ನುತ್ತಾನೆ, ಇನ್ನೂ ಏನೇನೋ ಎನ್ನುತ್ತಾನೆ. ಅದನ್ನೆಲ್ಲ ಮುದುಕಿ ಮಲಗಿದಲ್ಲೇ ಕೇಳಬೇಕು. ಇನ್ನೊಮ್ಮೆ ಲಕ್ವ ಹೊಡೆದರೆ ಮುಗೀತು ಎಂದು ಡಾಕ್ಟರು ಹೇಳಿದ್ದರು. ಮಸ್ತಾನಬಿ ಹೆಗಲ ಮೇಲಿನ ಶಾಲನ್ನು ಕೆಳಗಿಳಿಸಿದಳು.

"ಶೆಕಿ ಅಂತಾರ್ರಿ," ಎಂದಳು. "ಬ್ಯಾರೆ ಏನಿಲ್ರಿ."

ದೇವೀಂದ್ರಪ್ಪ ಸಮಾಧಾನದಿಂದ ಕೈ ಮುಗಿದು ಎದ್ದರು. ಗೋಪಾಲ ಅವರನ್ನು ಆಟೋದವರೆಗೆ ಬಿಡಲು ಹೊರಟ.

ಮಸ್ತಾನಬಿ ಶಾಲು ಮಡಚಿ ಕಾಲ್ಗಡೆ ಇಟ್ಟು ಬೀಸಣಿಗೆ ತೆಗೆದುಕೊಂಡಳು. ಭಾಗೀರಥಿಬಾಯಿ ಅವಳ ಸೆರಗನ್ನು ಎಡಗೈ ಮುಷ್ಟಿಯಲ್ಲಿ ಹಿಡಿದಿದ್ದಳು. ಬಿಡಿಸಿಕೊಳ್ಳಲು ಹೋಗದೆ, ಹಾಗೆಯೇ ಬಗ್ಗಿ ಕೂತು ಮಸ್ತಾನಬಿ ಗಾಳಿ ಬೀಸತೊಡಗಿದಳು.