ಒಂದೇ ತುಂಡಾದ ದೋಣಿ

ಉದ್ಯಾವರದ ಸ್ಟಿಕ್ಕರ್ ಅಂಗಡಿಗೆ ನನ್ನ ಮಗಳು ಶರ್ಮಿಳಾ ಆರು ವರ್ಷ ಮೀನುಗಾರಿಕೆ ದೋಣಿಗಳ ಮೈಗೆ ಅಂಟಿಸುವ ಮೀನಿನ ಚಿತ್ರ ಬಿಡಿಸಿದಳು. ಅಂಗಡಿಯ ಲ್ಯಾಪ್‌ಟಾಪ್ ಮನೆಗೆ ತಂದು, ಎಲ್ಲವನ್ನೂ ಕೋರೆಲ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲೇ ಮಾಡುತ್ತಿದ್ದಳು. ಲ್ಯಾಪ್‌ಟಾಪ್ ತುಂಬಿದಾಗಲೆಲ್ಲ ಅಂಗಡಿಯ ಧಣಿ, "ಕೆಲಸ ಮುಗಿಯಿತಲ್ವಾ ಮಾರಾಯ್ತಿ, ದೋಣಿಯ ಫೋಟೋ ಇಟ್ಟುಕೊಂಡು ಫೈಲ್ ಅಳಿಸು" ಎನ್ನುತ್ತಿದ್ದರು. ಅವಳು ಅಳಿಸುತ್ತಿದ್ದಳು.

ಅಂಗಡಿ ಮುಚ್ಚಿತು. ಕೆಲಸ ಕೇಳಿದಾಗ ಮಣಿಪಾಲದ ಆಫೀಸೊಂದು, ಅವಳು ಬಿಡಿಸಿದ್ದನ್ನು ಇಲ್ಲಸ್ಟ್ರೇಟರ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತರಲು ಹೇಳಿತು. ಉಳಿದಿದ್ದ ಫೋಟೋಗಳನ್ನೇ ಅದಕ್ಕೆ ಹಾಕಿ ಒಯ್ದಳು.

ಸಂಜೆ ನಾನು ಮೀನು ಕೊಯ್ಯುತ್ತಿದ್ದಾಗ ಬಂದು ಕೂತಳು.

"ಆಫೀಸಿನವರು ಕಂಪ್ಯೂಟರಿನಲ್ಲಿ ಚಿತ್ರದ ಮೀನಿನ ಕಣ್ಣನ್ನು ಮೌಸಿನಿಂದ ಹಿಡಿದು ಎಳೆದರು ಅಮ್ಮ. ಬಿಡಿಸಿದ ಫೈಲ್ ಆಗಿದ್ದರೆ ಕಣ್ಣು ಮಾತ್ರ ಬರಬೇಕಿತ್ತು. ಇಡೀ ದೋಣಿ ಒಂದೇ ತುಂಡಾಗಿ ಸರಿಯಿತು. 'ಇದು ಬರೀ ಫೋಟೋ, ನೀವೇ ಬಿಡಿಸಿದ್ದಕ್ಕೆ ಗುರುತು ಎಂತ ಉಂಟು?' ಅಂತ ಕೇಳಿದರು."

"ನಾನೇ ಅಂತ ಹೇಳಲಿಲ್ವಾ?"

"ಹೇಳಿದೆ. ನಕ್ಕರು."

ಲ್ಯಾಪ್‌ಟಾಪ್‌ನಲ್ಲಿ ಮೀನಿನ ಮೈಯ ಒಂದೊಂದೇ ಹುರುಪೆಯ ಗೆರೆ ಬಿಡಿಸುತ್ತಾ ಅವಳು ಊಟ ಮರೆತದ್ದನ್ನು ನಾನು ಎಷ್ಟೋ ದಿನ ನೋಡಿದ್ದೆ. ನಾನು ನೋಡಿದ್ದು ಅಲ್ಲಿ ಲೆಕ್ಕಕ್ಕಿಲ್ಲ.

ಕೈ ತೊಳೆದು ಚಹಾ ತಂದೆ. ಅವಳು ಫೋನಿನಲ್ಲಿ ಆ ಫೋಟೋಗಳನ್ನೂ ಒಂದೊಂದಾಗಿ ಅಳಿಸುತ್ತಿದ್ದಳು.

"ಇರಲಿ ಮಗಾ, ಅಳಿಸಬೇಡ."

"ಎಂತಕ್ಕೆ ಅಮ್ಮ?" ಎಂದಳು, ತಲೆ ಎತ್ತದೆ.