ದೇವರಿಗೇ ವಾಪಸ್

ರೊಟ್ಟಿ, ಪುಂಡಿಪಲ್ಯದ ಡಬ್ಬಿ ಮೂರನೇ ಸಲ ಏಲಂ ಮೇಜಿಗೆ ಬಂದಾಗ ಪ್ರಮೀಳಾ ತಲೆ ತಗ್ಗಿಸಿದಳು. ಇದಕ್ಕೆ ನಾಂದಿ ಹಾಡಿದವಳು ಅವಳೇ.

ಅಂಬರನಾಥ ಪಟ್ಟಣದ ಕನ್ನಡ ಕ್ರೈಸ್ತ ಸಭೆಯ ಬೆಳೆಹಬ್ಬದಲ್ಲಿ ಬೆಳೆ ತರುವುದಕ್ಕೆ ಯಾರಿಗೆ ಗದ್ದೆಯಿದೆ? ಬಾಲ್ಕನಿಯ ಬಸಳೆ, ಮನೆಯ ಕೇಕು, ಉಪ್ಪಿನಕಾಯಿ, ಏನಾದರೊಂದನ್ನು ತಂದು ದೇವರಿಗೆ ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅದರ ಏಲಂ. ಕೂಗಿ ಕೊಂಡವರು ಮನೆಗೆ ಒಯ್ದು ತಿನ್ನುವುದು ವಾಡಿಕೆ. ಧಾರಾಳಿಗಳು ಮಾತ್ರ 'ದೇವರಿಗೇ ವಾಪಸ್' ಎಂದು ಮೇಜಿಗೆ ಮರಳಿಸುತ್ತಾರೆ. ಅದೇ ವಸ್ತು ಇನ್ನೊಮ್ಮೆ ಏಲಂ ಆಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಡಬ್ಬಿ ಎಸ್ತೇರಮ್ಮನದು. ಯಾದಗಿರಿ ಕಡೆಯವಳು, ಈ ವರ್ಷವಷ್ಟೇ ಸಭೆಗೆ ಸೇರಿದವಳು. ಗಂಡ ಸೈದಪ್ಪ ಗಟಾರಕ್ಕೆ ಇಳಿದು ಹೂಳೆತ್ತುವವನು. ಒಯ್ಯಬೇಡ, ಯಾರೂ ಮುಟ್ಟುವುದಿಲ್ಲ ಎಂದು ಅವನು ಹೇಳಿದರೂ, ಒಂದೇ ಕರ್ತನ ಮಕ್ಕಳು ಯಾಕೆ ಮುಟ್ಟುವುದಿಲ್ಲ ಎಂದು ಇವಳು ಹಟ ಹಿಡಿದು ರೊಟ್ಟಿ ಬಡಿದಿದ್ದಳು. ಯಾರೂ ಒಯ್ಯದಿದ್ದರೆ ತಾನು ಈ ಸಭೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲವೆಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಅವನು ಪ್ರಮೀಳಾಳ ಎದುರಿಗೇ ಹೇಳಿಬಿಟ್ಟಿದ್ದ.

ಜಾತಿ ಎಂಬ ಮಾತು ಈ ಸಭೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ, ಅಷ್ಟು ಸಭ್ಯರು. ಡಬ್ಬಿ ಮೊದಲ ಸಲ ಬಂದಾಗ ಯಾರೂ ಕೂಗಲಿಲ್ಲ, ಅಷ್ಟೆ. ಏಲಂ ಹಾಕುತ್ತಿದ್ದ ಹಿರಿಯರಾದ ಸಾಲಿನ್ಸರು ಹೆಂಡತಿ ಪ್ರಮೀಳಾಳತ್ತ ಕಣ್ಣು ಹಾಯಿಸಿದರು. ಗಂಡನ ಕಣ್ಸನ್ನೆ ಅವಳಿಗೆ ತಿಳಿಯದ್ದೇ? ಕೂಗಿದಳು, ಕೊಂಡಳು, 'ದೇವರಿಗೇ ವಾಪಸ್' ಎಂದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಉಪಾಯ ಎಲ್ಲರಿಗೂ ಹಿಡಿಸಿತು. ಎರಡನೇ ಸಲ ಕೊಂಡ ಜಯೇಶನೂ ಅದನ್ನೇ ಹೇಳಿದ. ಚಪ್ಪಾಳೆ ಇನ್ನೂ ಜೋರಾಯಿತು.

ಎಸ್ತೇರಮ್ಮ ಮೊದಲು ಹಿಗ್ಗಿದಳು. ಆಮೇಲೆ ಚಪ್ಪಾಳೆ ತಟ್ಟುವವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು. ಈಗ, ಯಾರಾದರೂ ಕೂಗುವ ಮೊದಲೇ, ಎದ್ದು ನಿಂತಳು.

"ನಾನೇ ತಗೋತೀನ್ರಿ."

ಸಾಲಿನ್ಸರು ತಡವರಿಸಿದರು. ತಂದವರೇ ಕೊಳ್ಳುವ ಪದ್ಧತಿಯಿಲ್ಲ ಎಂದರು.

"ತಂದವ್ರನ್ನ ಬಿಟ್ರ ಯಾರೂ ಒಯ್ಯಂಗಿಲ್ಲಲ್ರಿ, ಅಣ್ಣಾರ."

ಹಿಂದಿನ ಬೆಂಚಿನಿಂದ ಸೈದಪ್ಪ ಎದ್ದು ಬಾಗಿಲಿನತ್ತ ನಡೆದ. ಎಸ್ತೇರಮ್ಮ ಡಬ್ಬಿ ಎತ್ತಿಕೊಂಡಳು. ಬಾಗಿಲಿಗೆ ಹೋಗಲಿಲ್ಲ, ನೇರ ಪ್ರಮೀಳಾಳ ಮುಂದೆ ಬಂದು ನಿಂತು ಮುಚ್ಚಳ ತೆಗೆದಳು. ರೊಟ್ಟಿ ಮುರಿದು ಪಲ್ಯ ಇಟ್ಟು ಮುಂದೆ ಹಿಡಿದಳು.

"ಕರ್ತಗ ಎಷ್ಟ್ ಸಲ ವಾಪಸ್ ಕೊಡ್ತೀರಿ, ಅಕ್ಕಾರ? ಅವನ ಹೊಟ್ಟಿ ತುಂಬೇದ. ನೀವು ಉಣ್ರಿ."

ಪಕ್ಕದಲ್ಲಿದ್ದ ನಿಶಾ ಸೀರೆಯ ಸೆರಗು ಎಳೆದುಕೊಂಡು ಸರಿದು ಕೂತಳು. ಮೇಜಿನ ಕಡೆಯಿಂದ ಸಾಲಿನ್ಸರು ಕೆಮ್ಮಿದರು. ಆ ಕೆಮ್ಮಿನ ಅರ್ಥವೂ ಪ್ರಮೀಳಾಗೆ ಗೊತ್ತು. ನಾಳೆ ಯಾರು ಏನೆಂದಾರು ಎಂದು ಅಂಜಿದಳು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಥೂ ನನ್ನ ಜನ್ಮಕ್ಕೆ ಅನಿಸಿತು. ಕೈ ಚಾಚಿ ತುತ್ತು ತೆಗೆದುಕೊಂಡು ಬಾಯಿಗಿಟ್ಟಳು. ಹುಳಿ, ಖಾರ, ಬೆಳ್ಳುಳ್ಳಿ. ಕರಾವಳಿಯ ನಾಲಿಗೆಗೆ ಜೋಳದ ರೊಟ್ಟಿ ಅಭ್ಯಾಸವಿಲ್ಲ, ಜಗಿಯುವುದಕ್ಕೆ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಇಡೀ ಸಭೆ ಅವಳ ಬಾಯಿಯನ್ನೇ ನೋಡುತ್ತಿತ್ತು.

ನುಂಗಿದ ಮೇಲೆ ಎರಡೂ ಕೈ ಚಾಚಿದಳು.

"ಡಬ್ಬಿ ಇಲ್ಲಿ ಕೊಡು ಮಾರಾಯ್ತಿ. ನಾನು ಮನೆಗೆ ಕೊಂಡುಹೋಗ್ತೇನೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಗಿಲಲ್ಲಿ ಸೈದಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ, ಇನ್ನೊಂದು ಬರಿಗಾಲು ಹೊಸ್ತಿಲ ಒಳಗೇ ಇತ್ತು.